ಮಳೆ ಲೆಕ್ಕದ ಎಕ್ಸೆಲ್ ಹಾಳೆಯಲ್ಲಿ ಓಡಾಟ

ಕೊಡಗಿನ ತೋಟಗಳಲ್ಲಿ ಇಂಚು, ಸೆಂಟ್‌ಗಳಲ್ಲಿ (ಇಂಚಿನ ನೂರನೇ ಒಂದು ಭಾಗವೇ ಸೆಂಟ್) ಬರೆದಿಡುವ ಮಳೆ ಲೆಕ್ಕ ಎಕ್ಸೆಲ್ ಕಲಿಯಲು ಒಳ್ಳೆಯ ಸಾಮಗ್ರಿ. ಎ ಕಾಲಂನಲ್ಲಿ ತಾರೀಕು, ಬಿ ಕಾಲಂನಲ್ಲಿ ಮಳೆ, ಮೊದಲ ಸಾಲು ಶೀರ್ಷಿಕೆಗೆ. ಒಂದು ಇಂಚು 25 ಸೆಂಟ್ ಆದರೆ 1.25 ಎಂದಷ್ಟೇ ಬರೆಯಿರಿ. ಅದೇ ಸೆಲ್ಲಿನಲ್ಲಿ (ಚೌಕದಲ್ಲಿ) ‘ಇಂಚು’ ಸೇರಿಸಿದರೆ ಅದು ಮೊತ್ತಕ್ಕೆ ಸೇರದು.

ಬಿ2 ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಕೆಳಬಾಣ ಒತ್ತಿ. ಇಡೀ ವರ್ಷ, ಅಂದರೆ ಬಿ366ರವರೆಗೆ (ಅಧಿಕ ವರ್ಷವಾದರೆ ಬಿ367), ಆಯ್ಕೆಯಾಗಬೇಕು. ಆಗದೆ ನಡುವೆ ನಿಂತರೆ ಅಲ್ಲೊಂದು ಖಾಲಿ ಸೆಲ್ ಇದೆ. ಜನವರಿ, ಫೆಬ್ರವರಿಯ ಒಣ ದಿನಗಳನ್ನು ಖಾಲಿ ಬಿಡುವುದೇ ಇದಕ್ಕೆ ಕಾರಣ, 0 ಬರೆಯಿರಿ. ಆಯ್ಕೆಯಾದದ್ದರ ಮೊತ್ತ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ, ಸೂತ್ರ ಬೇಕಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಗಳಷ್ಟೇ ಬೇಕೆ? ಕಂಟ್ರೋಲ್ ಹಿಡಿದು ಒಂದೊಂದನ್ನೇ ಕ್ಲಿಕ್ ಮಾಡಿ.

ಮೌಸ್ ಎಳೆಯುವಾಗ ದಪ್ಪ ಬಿಳಿ ಕೂಡು ಗುರುತು ಇದ್ದರೆ ಮಾತ್ರ ಆಯ್ಕೆ. ಸೆಲ್ಲಿನ ಅಂಚಿನಲ್ಲಿ ನಾಲ್ಕು ಬಾಣ ಕಂಡಾಗ ಎಳೆದರೆ ಅಂಕಿಯೇ ಜಾಗ ಬದಲಿಸುತ್ತದೆ, ಮೂಲೆಯ ತೆಳು ಕಪ್ಪು ಗುರುತಿನಿಂದ ಎಳೆದರೆ ಪಕ್ಕದ ಸೆಲ್‌ಗಳು ತುಂಬಿಕೊಳ್ಳುತ್ತವೆ. ಹಾಗಾದರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ಮೊದಲಿನಂತಾಗುತ್ತದೆ!

ಬಾಣದ ಕೀಲಿಗೆ ಸೆಲ್ ಕದಲದೆ ಹಾಳೆಯೇ ಸರಿದರೆ, ಸ್ಕ್ರಾಲ್ ಲಾಕ್ ಆನ್ ಆಗಿದೆ. ಎಲ್ಲೋ ಕಳೆದುಹೋದರೆ ಕಂಟ್ರೋಲ್ ಹೋಮ್ ಒತ್ತಿ, ಎ1ಕ್ಕೆ ಮರಳುತ್ತೀರಿ.