ಟೇಪು ಬಿಡಿಸಿದ ಮೇಲೆ ಗೊತ್ತಾಗಿದ್ದು

ಮೇಜಿನ ಮೇಲೆ 11 ನೋಟುಗಳಿದ್ದವು. ಒಂದೊಂದಕ್ಕೂ ಒಂದೊಂದು ಪಾರದರ್ಶಕ ಕವರು. ದೇಶವಾರು ಜೋಡಿಸಿ, ಕವರಿನ ಮೇಲೆ ಚೀಟಿ ಅಂಟಿಸಿದ್ದೆ. ಎರಡು ಗಂಟೆ ಕೂತು ಮಾಡಿದ ಕೆಲಸ, ಅಚ್ಚುಕಟ್ಟಾಗಿ ಬಂದಿದೆ ಅಂತ ಖುಷಿಯಲ್ಲಿದ್ದೆ. ನಮ್ಮ ವಿಭಾಗದ ಹಿರಿಯ ಮೇಡಂ ಬಂದು ನೋಡಿದರು. ಒಂದೇ ಒಂದು ಪ್ರಶ್ನೆ ಕೇಳಿದರು.

"ಬಿಡಿಸೋ ಮುಂಚೆ ಫೋಟೋ ತೆಗೆದ್ರಾ?"

ತೆಗೆದಿರಲಿಲ್ಲ.

ನಾನು ಹಳೆಯ ನೋಟುಗಳನ್ನು ಹರಾಜು ಹಾಕುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಬಂದ ನೋಟು ಅಸಲಿಯೋ ಖೋಟಾನೋ ನೋಡುವುದು, ಅದರ ಸ್ಥಿತಿ ಗುರುತಿಸುವುದು, ಕ್ಯಾಟಲಾಗಿಗೆ ವಿವರ ಬರೆಯುವುದು ನನ್ನ ಪಾಲಿನ ಕೆಲಸ. ಯುದ್ಧಕಾಲದ ನೋಟು ಬಂದರೆ ಹೆಚ್ಚಾಗಿ ನನ್ನ ಮೇಜಿಗೇ ಬರುತ್ತದೆ. ಯಾಕೆಂದರೆ ಕೆಲಸಕ್ಕೆ ಸೇರುವ ಮುಂಚಿನಿಂದಲೂ ಅದೇ ನನ್ನ ಹವ್ಯಾಸ. ನಾನು ಹೇಳುತ್ತಿರುವ ತಪ್ಪು ಆಗಿದ್ದೂ ಆ ಹವ್ಯಾಸದ ಅಭ್ಯಾಸದಿಂದಲೇ.

ಆ 11 ನೋಟುಗಳು ಬಂದಾಗ ಬಿಡಿಬಿಡಿಯಾಗಿ ಇರಲಿಲ್ಲ. ಒಂದರ ಅಂಚಿಗೆ ಇನ್ನೊಂದನ್ನು ಟೇಪಿನಿಂದ ಅಂಟಿಸಿ ಉದ್ದನೆಯ ಪಟ್ಟಿ ಮಾಡಿ, ಅದನ್ನು ಸುರುಳಿ ಸುತ್ತಿದ್ದರು. ಎಲ್ಲದರ ಮೇಲೂ ಸಹಿಗಳು. ಇದಕ್ಕೆ ಶಾರ್ಟ್ ಸ್ನಾರ್ಟರ್ ಅಂತ ಹೆಸರು. 1920ರ ದಶಕದಲ್ಲಿ ಅಲಾಸ್ಕಾದ ಪೈಲಟ್‌ಗಳಲ್ಲಿ ಶುರುವಾದ ಪದ್ಧತಿ ಇದು. ಜೊತೆಯಲ್ಲಿ ಹಾರಿದವರು ಒಂದು ನೋಟಿಗೆ ಸಹಿ ಹಾಕಿ ಕೊಡುತ್ತಿದ್ದರು. ಮುಂದೆ ಯಾವತ್ತಾದರೂ ಎದುರಾದಾಗ ಕೇಳಿದರೆ ಆ ನೋಟು ತೋರಿಸಬೇಕು. ಇಲ್ಲದಿದ್ದರೆ ಎಲ್ಲರಿಗೂ ಕುಡಿಸಬೇಕು. ಎರಡನೇ ಮಹಾಯುದ್ಧದಲ್ಲಿ ಇದು ವಿಮಾನದಳದಲ್ಲೆಲ್ಲ ಹರಡಿತು. ಇಳಿದ ದೇಶದ ನೋಟನ್ನು ಹಳೆಯದರ ತುದಿಗೆ ಅಂಟಿಸುತ್ತಾ ಹೋದರು. ಸುರುಳಿ ಉದ್ದ ಇದ್ದಷ್ಟೂ ಆತ ಜಾಸ್ತಿ ಸುತ್ತಿದ್ದಾನೆ ಅಂತ ಲೆಕ್ಕ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಆಪ್ತ ಸಲಹೆಗಾರ ಹ್ಯಾರಿ ಹಾಪ್ಕಿನ್ಸ್ ಬಳಿಯೂ ಇಂಥದ್ದೊಂದು ಇತ್ತು. ಅದರಲ್ಲಿ ರೂಸ್‌ವೆಲ್ಟ್ ಸಹಿಯೂ ಇದೆ, ಚರ್ಚಿಲ್ ಸಹಿಯೂ ಇದೆ.

ಇಷ್ಟೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಬಿಡಿಸಿದೆ. ಟೇಪು ಹಳದಿಯಾಗಿ, ಒಣಗಿ, ಮುಟ್ಟಿದರೆ ಉದುರುವ ಹಾಗಿತ್ತು. ಆ ಕಾಲದ ಸೆಲ್ಲೋಫೇನ್ ಟೇಪಿನ ಗುಣವೇ ಹಾಗೆ. ಅದರ ರಬ್ಬರ್ ಅಂಟು ಮೊದಲು ಎಣ್ಣೆಯ ಹಾಗೆ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ಗಟ್ಟಿಯಾಗಿ ಕಂದು ಕಲೆ ಬಿಡುತ್ತದೆ. ಟೇಪು ನೋಟಿಗೆ ಶತ್ರು ಅಂತ ಸಂಗ್ರಹಕಾರರು ಮೊದಲ ದಿನವೇ ಕಲಿಯುತ್ತಾರೆ. ನೋಟು ಬಿಡಿಯಾಗಿರಬೇಕು, ಶುಭ್ರವಾಗಿರಬೇಕು, ಆಲ್ಬಮ್ಮಿನಲ್ಲಿ ದೇಶದ ಪ್ರಕಾರ ಕೂರಬೇಕು ಅಂತಲೂ ಕಲಿಯುತ್ತಾರೆ. ನನ್ನ ಕೈ ಅದನ್ನೇ ಮಾಡಿತು.

ಮೇಡಂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಈಗ ಇದು ಬರೀ 11 ನೋಟು. ಬೆಳಿಗ್ಗೆ ಒಬ್ಬ ಮನುಷ್ಯನ ದಾರಿ ಆಗಿತ್ತು, ಅಲ್ವಾ?" ಅಂದರು. ಆಮೇಲೆ ಕೇಳಿದರು, "ಟೇಪಿನ ಚೂರುಗಳೆಲ್ಲಿ?" ಅವೂ ಕಸದ ಬುಟ್ಟಿಗೆ ಹೋಗಿದ್ದವು. ಬುಟ್ಟಿ ಖಾಲಿಯಾಗಿ ಒಂದು ಗಂಟೆಯಾಗಿತ್ತು.

ಮುಂದಿನ ಐದು ದಿನ, ಸುರುಳಿಯಲ್ಲಿ ಯಾವ ನೋಟಿನ ಪಕ್ಕ ಯಾವುದಿತ್ತು ಅನ್ನುವ ಕ್ರಮವನ್ನು ಹುಡುಕಿದೆ. ನನ್ನ ಕೆಲಸವನ್ನು ನಾನು ನಿಜವಾಗಿ ಕಲಿತದ್ದು ಆ ಐದು ದಿನಗಳಲ್ಲಿ.

ಮೊದಲು ಕಲೆಗಳನ್ನು ನೋಡಿದೆ. ಒಂದು ಟೇಪಿನ ತುಂಡು ಎರಡು ನೋಟುಗಳ ಅಂಚಿನ ಮೇಲೂ ಕೂತಿರುತ್ತದೆ. ಹಾಗಾಗಿ ಕಲೆಯ ಅರ್ಧ ಭಾಗ ಇದರಲ್ಲಿ, ಇನ್ನರ್ಧ ಅದರಲ್ಲಿ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಇಟ್ಟು, ಟೇಪು ಎಲ್ಲಿ ಶುರುವಾಗಿದೆ, ಎಷ್ಟು ಓರೆಯಾಗಿ ಕೂತಿದೆ ಅಂತ ಅಳೆದೆ. ಓರೆ ಒಂದಕ್ಕೊಂದು ಹೊಂದಿದರೆ ಆ ಎರಡು ಅಕ್ಕಪಕ್ಕದವು. ಆಮೇಲೆ ಕೊಳೆ. ಸುರುಳಿಯ ಹೊರಗಡೆ ಇದ್ದ ನೋಟು ಜೇಬಿಗೆ ಉಜ್ಜಿ ಉಜ್ಜಿ ಜಾಸ್ತಿ ಮಾಸಿರುತ್ತದೆ. ಒಳಗಡೆ ಇದ್ದದ್ದರ ಬಣ್ಣ ತಾಜಾ ಉಳಿದಿರುತ್ತದೆ, ಆದರೆ ಬಾಗು ಜಾಸ್ತಿ. ಪುಣ್ಯಕ್ಕೆ ಎರಡು ನೋಟುಗಳಲ್ಲಿ ಇನ್ನೂ ಒಳ್ಳೆಯ ಸುಳಿವು ಸಿಕ್ಕಿತು. ಟೇಪು ಇಲ್ಲದ ಬದಿಯಲ್ಲಿ ಯಾರೋ ಒಬ್ಬರು ಜೋಡಣೆಯ ಮೇಲೇ ಅಡ್ಡಲಾಗಿ ಸಹಿ ಮಾಡಿದ್ದರು. ಹೆಸರಿನ ಮೊದಲರ್ಧ ಬ್ರೆಜಿಲ್ ನೋಟಿನಲ್ಲಿ, ಉಳಿದರ್ಧ ಬ್ರಿಟಿಷ್ ಪಶ್ಚಿಮ ಆಫ್ರಿಕಾದ ನೋಟಿನಲ್ಲಿ.

ಆ ಎರಡು ಸೇರಿದ ಮೇಲೆ ದಾರಿ ಕಾಣಿಸಿತು. ಅಮೆರಿಕದಿಂದ ಭಾರತಕ್ಕೆ ವಿಮಾನಗಳು ಬರುತ್ತಿದ್ದ ದಕ್ಷಿಣದ ಮಾರ್ಗವೇ ಅದು. ಬ್ರೆಜಿಲ್‌ನ ನಟಾಲ್‌ನಿಂದ ಅಟ್ಲಾಂಟಿಕ್ ದಾಟಿ ಪಶ್ಚಿಮ ಆಫ್ರಿಕಾದ ಅಕ್ರಾ, ಅಲ್ಲಿಂದ ಸುಡಾನಿನ ಖಾರ್ಟೂಮ್, ಕರಾಚಿ. ಮುಂದೆ ಅಸ್ಸಾಂನಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಕುನ್ಮಿಂಗ್. ಆ ಕೊನೆಯ ಹಂತವನ್ನು ಪೈಲಟ್‌ಗಳು ಹಂಪ್, ಅಂದರೆ ಗೂನು ಅಂತ ಕರೆಯುತ್ತಿದ್ದರು. 1942ರಿಂದ 1945ರವರೆಗೆ ಚೀನಾಕ್ಕೆ ಸಾಮಾನು ಹೊತ್ತದ್ದು ಆ ದಾರಿ. ಬ್ರೆಜಿಲ್ ನೋಟಿನಲ್ಲೂ ಒಂದು ಕಾಲದ ಗುರುತಿತ್ತು. ಆ ದೇಶ 1942ರಲ್ಲಿ ಮಿಲ್‌ರೇಸ್ ಅನ್ನುವ ಹಳೆಯ ಹಣ ಬಿಟ್ಟು ಕ್ರುಜೇರೊ ಅನ್ನುವ ಹೊಸ ಹಣಕ್ಕೆ ಬಂತು. ಹೊಸ ನೋಟು ಬರುವ ತನಕ ಹಳೆಯದರ ಮೇಲೇ ಕ್ರುಜೇರೊ ಅಂತ ಮುದ್ರೆ ಒತ್ತಿದರು. ನಮ್ಮ ನೋಟಿನ ಮೇಲೂ ಆ ಮುದ್ರೆ ಇತ್ತು. ಅದರ ಪಕ್ಕದಲ್ಲೇ ಸಹಿ. ಅಂದರೆ ಈತ ಅಲ್ಲಿ ಇಳಿದದ್ದು ಆ ಬದಲಾವಣೆಯ ನಂತರವೇ.

ಐದನೇ ದಿನಕ್ಕೆ 7 ನೋಟುಗಳು ಸಾಲಾಗಿ ನಿಂತವು. ಇನ್ನೆರಡು ಒಂದಕ್ಕೊಂದು ಜೋಡಿ ಅಂತ ಗೊತ್ತಾಯಿತು, ಸಾಲಿನಲ್ಲಿ ಎಲ್ಲಿ ಅಂತ ಗೊತ್ತಾಗಲಿಲ್ಲ. ಕೊನೆಯ ಎರಡು ಒಂಟಿಯಾಗಿಯೇ ಉಳಿದವು. ಅವುಗಳಲ್ಲಿ ಒಂದು 1940ರ ಒಂದು ರೂಪಾಯಿಯ ನೋಟು, ಆರನೇ ಜಾರ್ಜ್ ಚಿತ್ರದ್ದು. ಅದರ ಎರಡೂ ಅಂಚು ಎಷ್ಟು ಸವೆದಿತ್ತೆಂದರೆ ಕಲೆಯನ್ನು ಅಳೆಯಲು ಜಾಗವೇ ಇರಲಿಲ್ಲ.

ಅವತ್ತಿನಿಂದ ನಾನು ನೋಟು ನೋಡುವ ರೀತಿ ಬದಲಾಯಿತು. ಮುಂಚೆ ಚಿತ್ರ, ಮೌಲ್ಯ, ದೇಶ, ಸ್ಥಿತಿ ಅಂತ ನೋಡುತ್ತಿದ್ದೆ. ಈಗ ಮೊದಲು ಹುಡುಕುವುದು ಮೂಲ ವಿನ್ಯಾಸದಲ್ಲಿ ಇಲ್ಲದ್ದನ್ನು. ಆಮೇಲೆ ಹಾಕಿದ ಮುದ್ರೆ, ಮಡಿಕೆ, ತೂತು, ಪೆನ್ಸಿಲ್ ಗೀರು, ಅಂಟಿನ ಗುರುತು. ಯುದ್ಧದ ನೋಟಿನಲ್ಲಿ ಕಥೆ ಇರುವುದು ಹೆಚ್ಚಾಗಿ ಅಲ್ಲೇ.

ಹವಾಯಿ ನೋಟನ್ನೇ ತೆಗೆದುಕೊಳ್ಳಿ. ಪರ್ಲ್ ಹಾರ್ಬರ್ ದಾಳಿಯ ಮೇಲೆ ಜಪಾನ್ ಆ ದ್ವೀಪಗಳನ್ನು ಹಿಡಿದರೆ ಅಲ್ಲಿನ ಡಾಲರೆಲ್ಲ ಶತ್ರುವಿನ ಕೈಗೆ ಹೋಗುತ್ತದೆ ಅನ್ನುವ ಭಯ ಹುಟ್ಟಿತು. 1942ರಲ್ಲಿ ಜನರಿಂದ ಮಾಮೂಲಿ ನೋಟುಗಳನ್ನು ವಾಪಸ್ ಪಡೆದರು. ಬದಲಿಗೆ ಹಿಂಬದಿಯಲ್ಲಿ ಹವಾಯಿ ಅಂತ ದೊಡ್ಡದಾಗಿ ಅಚ್ಚಾದ, ಕಂದು ಮುದ್ರೆಯ ನೋಟು ಕೊಟ್ಟರು. ದ್ವೀಪ ಕೈತಪ್ಪಿದರೆ ಆ ಹೆಸರಿನ ನೋಟು ಮಾತ್ರ ಅಮಾನ್ಯ ಅಂದರೆ ಸಾಕಿತ್ತು. ವಾಪಸ್ ಬಂದ 20 ಕೋಟಿ ಡಾಲರಿನಷ್ಟು ನೋಟನ್ನು ಸುಡಲು ಸ್ಮಶಾನದ ಒಲೆ ಸಾಲದೆ ಸಕ್ಕರೆ ಕಾರ್ಖಾನೆಯ ಕುಲುಮೆಯನ್ನೂ ಬಳಸಿದರು. ಈ ಕಥೆಯೆಲ್ಲ ಆ ಒಂದು ಪದದ ಮುದ್ರೆಯಲ್ಲಿದೆ.

ಇನ್ನೂ ಚಿಕ್ಕ ಗುರುತುಗಳಿವೆ. 1944ರ ಮಿತ್ರಪಡೆಗಳ ಜರ್ಮನ್ ಮಾರ್ಕ್ ನೋಟಿನ ನಂಬರಿನ ಮುಂದೆ ಒಂದು ಅಡ್ಡಗೆರೆ ಇದ್ದರೆ ಅದು ಸೋವಿಯತ್ ಒಕ್ಕೂಟದಲ್ಲಿ ಅಚ್ಚಾದದ್ದು. ಅಮೆರಿಕವೇ ಅಚ್ಚಿನ ಪ್ಲೇಟುಗಳನ್ನು ಅವರಿಗೆ ಕೊಟ್ಟಿತ್ತು. ಜಪಾನ್ ತಾನು ಆಕ್ರಮಿಸಿದ ದೇಶಗಳಿಗೆ ಅಚ್ಚು ಹಾಕಿದ ನೋಟಿನಲ್ಲಿ ಮೊದಲ ಅಕ್ಷರ ನೋಡಬೇಕು. ಬಿ ಇದ್ದರೆ ಬರ್ಮಾ, ಎಂ ಇದ್ದರೆ ಮಲಯಾ, ಪಿ ಇದ್ದರೆ ಫಿಲಿಪೀನ್ಸ್. ಹೊಸದಾಗಿ ಈ ಹವ್ಯಾಸ ಶುರು ಮಾಡುವವರಿಗೆ ನಾನು ಇವನ್ನೇ ಹೇಳುತ್ತೇನೆ. ಲೆಕ್ಕವಿಲ್ಲದಷ್ಟು ಅಚ್ಚಾದ ನೋಟುಗಳಾದ್ದರಿಂದ ಸುಲಭವಾಗಿ ಸಿಗುತ್ತವೆ, ಕೈಯಲ್ಲಿ ಹಿಡಿದು ಕಲಿಯಬಹುದು.

ಮುದ್ರೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು. ಮೋಸ ಜಾಸ್ತಿ ಇರುವುದು ಅಲ್ಲೇ. 1945ರಲ್ಲಿ ಬರ್ಮಾವನ್ನು ಮರಳಿ ಪಡೆದಾಗ ಬ್ರಿಟಿಷರು ಭಾರತದ ನೋಟುಗಳ ಮೇಲೆ ಬರ್ಮಾ ಮಿಲಿಟರಿ ಆಡಳಿತ ಅಂತ ಕೆಂಪು ಮುದ್ರೆ ಒತ್ತಿ ಅಲ್ಲಿ ಚಲಾವಣೆಗೆ ಬಿಟ್ಟರು. ಮುದ್ರೆ ಇದ್ದರೆ ಬೆಲೆ ಬೇರೆ. ಹಾಗಾಗಿ ಮಾಮೂಲಿ ಅಸಲಿ ನೋಟಿನ ಮೇಲೆ ಮೊನ್ನೆ ಮೊನ್ನೆ ಒತ್ತಿದ ಖೋಟಾ ಮುದ್ರೆಗಳೂ ಬರುತ್ತವೆ. ನೋಟು ಅಸಲಿ, ಕಾಗದ ಅಸಲಿ, ನೀರುಗುರುತು ಅಸಲಿ. ಸುಳ್ಳು ಇರುವುದು ಆ ಕೆಂಪು ಅಕ್ಷರದಲ್ಲಿ ಮಾತ್ರ. ಇದನ್ನು ಹಿಡಿಯಲು ಮಡಿಕೆ ಸಹಾಯ ಮಾಡುತ್ತದೆ. ನಿಜವಾದ ಮುದ್ರೆ ಬಿದ್ದದ್ದು ಹೊಸ ಗರಿಗರಿ ನೋಟಿನ ಮೇಲೆ, ಜನರ ಕೈಗೆ ಹೋಗುವ ಮುಂಚೆ. ಆಮೇಲೆ ಮಡಚಿದಾಗ ಮಡಿಕೆಯ ಗೆರೆಯಲ್ಲಿ ಕೆಂಪು ಶಾಯಿ ಕಾಗದದ ಜೊತೆಗೇ ಒಡೆದು ಬಿಳಿ ಕಾಣುತ್ತದೆ. ಹಳೆಯ ಮಡಿಕೆಯ ಮೇಲೆ ಈಗ ಒತ್ತಿದರೆ ಶಾಯಿ ಆ ಬಿರುಕಿನೊಳಕ್ಕೆ ಇಳಿದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಒಂದು ಸಲ ಕಣ್ಣು ಪಳಗಿದರೆ ಮರೆಯುವುದಿಲ್ಲ. ಇಂಥ ನೋಟನ್ನು ಯಾರಾದರೂ ಒದ್ದೆ ಮಾಡಿ, ಇಸ್ತ್ರಿ ಹಾಕಿ, ಮಡಿಕೆ ಅಳಿಸಿದರು ಅನ್ನಿ. ನೋಟು ಚೆಂದ ಕಾಣಬಹುದು. ಸಾಕ್ಷಿ ಹೋಯಿತು.

ಪಿನ್ನಿನ ತೂತಿನದ್ದೂ ಇದೇ ಕಥೆ. ಕ್ಯಾಟಲಾಗಿನಲ್ಲಿ ತೂತು ಅಂದರೆ ದೋಷ. ಆದರೆ ಜರ್ಮನಿಯ ಸಾಕ್ಸೆನ್‌ಹೌಸೆನ್ ಸೆರೆಶಿಬಿರದಲ್ಲಿ ನಾಜಿಗಳು ಯಹೂದಿ ಕೈದಿಗಳಿಂದ ಬ್ರಿಟನ್ನಿನ ಖೋಟಾ ನೋಟು ಮಾಡಿಸಿದಾಗ, ಅವಕ್ಕೆ ಬೇಕಂತಲೇ ಪಿನ್ ಚುಚ್ಚಿಸುತ್ತಿದ್ದರು. ಬ್ರಿಟನ್ನಿನಲ್ಲಿ ನೋಟಿಗೆ ಪಿನ್ ಹಾಕಿ ಇಡುವ ರೂಢಿ ಇತ್ತು. ತೂತಿದ್ದರೆ ನಾಲ್ಕು ಕೈ ದಾಟಿ ಬಂದ ನೋಟು ಅಂತ ನಂಬುತ್ತಿದ್ದರು. ಆ ತೂತು ಹಾಕಿದ ಕೈಗಳಿಗೆ ಬೇರೆ ದಾರಿ ಇರಲಿಲ್ಲ. ಇಂಥ ನೋಟಿಗೆ ವಿವರ ಬರೆಯುವಾಗ ನಾನು ಪ್ರತಿ ಪದವನ್ನೂ ಎರಡು ಸಲ ಓದುತ್ತೇನೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಥೆರೇಸಿಯೆನ್‌ಸ್ಟಾಟ್ ಶಿಬಿರದ 1943ರ ನೋಟಿಗೂ ಅಷ್ಟೇ. ಅದರ ಮೇಲೆ ಯಹೂದಿಗಳ ಪ್ರವಾದಿ ಮೋಸೆಸ್ ಚಿತ್ರ ಇದೆ, ಶಿಬಿರದ ಯಹೂದಿ ಹಿರಿಯರ ಸಹಿ ಇದೆ. ಹೊರಗಿನವರಿಗೆ ಅದೊಂದು ಸಾಮಾನ್ಯ ಊರು ಅಂತ ತೋರಿಸಲು ಮಾಡಿದ ಹಣ ಅದು. ಅಂಥದ್ದಕ್ಕೆ 'ಸುಂದರ', 'ಆಕರ್ಷಕ' ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಗರಿಗರಿ ಇದ್ದರೆ 'ಬಳಕೆಯಾಗಿಲ್ಲ' ಅಂತ ಬರೆಯುತ್ತೇನೆ, ಯಾಕೆ ಬಳಕೆಯಾಗಲಿಲ್ಲ ಅನ್ನುವುದನ್ನೂ ಬರೆಯುತ್ತೇನೆ.

ಈಗ ನನ್ನ ಮೇಜಿಗೆ ಏನೇ ಬಂದರೂ ಬಂದ ಹಾಗೆಯೇ ಮೊದಲ ಫೋಟೋ. ಕಟ್ಟು ಬಿಚ್ಚುವ ಮುಂಚೆ, ಬಿಚ್ಚುವಾಗ, ಬಿಚ್ಚಿದ ಮೇಲೆ. ಎರಡೂ ಬದಿ. ಜೊತೆಗೆ ಬಂದ ಲಕೋಟೆ, ಚೀಟಿ, ಹಳೆಯ ರಬ್ಬರ್ ಬ್ಯಾಂಡ್ ಕೂಡ ಲೆಕ್ಕಕ್ಕೆ. ಗುರುತು ಬರೆಯುವುದಾದರೆ ಕವರಿನ ಮೇಲೆ, ನೋಟಿನ ಮೇಲೆ ಖಂಡಿತ ಇಲ್ಲ. ಕವರು ಪಾಲಿಯೆಸ್ಟರ್‌ನದ್ದೇ ಆಗಿರಬೇಕು. ಪಿವಿಸಿ ಕವರು ಕೆಲವು ವರ್ಷಕ್ಕೆ ಜಿಗುಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಹತ್ತಿಯ ಕೈಗವಸು ನಾನು ಹಾಕುವುದಿಲ್ಲ. ಅದರ ಎಳೆ ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ತೊಳೆದು ಒರೆಸಿದ ಕೈ ಸಾಕು. ಟೇಪು ತೆಗೆಯಲೇಬೇಕು ಅಂತಿದ್ದರೆ ಕಾಗದ ಸಂರಕ್ಷಣೆ ಕಲಿತವರಿಗೆ ಕೊಡುತ್ತೇವೆ. ನಾನು ತೆಗೆಯುವುದಿಲ್ಲ.

ಆ ಸುರುಳಿಯ ಬಗ್ಗೆ ಇನ್ನೊಂದು ಮಾತಿದೆ. ಅದನ್ನು ಕಳಿಸಿದ್ದು ಆ ವಿಮಾನದಳದವರ ಮಗಳು. ಈಗ ವಯಸ್ಸಾದವರು. ಏನಾಯಿತು ಅಂತ ಅವರಿಗೆ ಹೇಳಬೇಕಿತ್ತು. ನಾನೇ ಫೋನ್ ಮಾಡುತ್ತೇನೆ ಅಂದೆ. ಮೇಡಂ ಪಕ್ಕದಲ್ಲಿ ನಿಂತಿದ್ದರು. ಎಲ್ಲವನ್ನೂ ಹೇಳಿದೆ. ಬಿಡಿಸಿದ್ದು, ಟೇಪು ಎಸೆದದ್ದು, 7 ಮಾತ್ರ ಸಾಲಿಗೆ ಬಂದದ್ದು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವರು ಕೇಳಿದರು, "ಆ ರೂಪಾಯಿ ನೋಟು ಎಲ್ಲಿದೆ?" ಅದರ ಜಾಗ ಸಿಗಲಿಲ್ಲಮ್ಮಾ ಅಂದೆ. "ಅದು ಯಾವಾಗಲೂ ಹೊರಗಡೆಯೇ ಇರ್ತಿತ್ತು. ಅಪ್ಪ ಸುರುಳಿ ಸುತ್ತುವಾಗ ರಾಜನ ಮುಖ ಮೇಲೆ ಬರೋ ಹಾಗೆ ಸುತ್ತುತ್ತಿದ್ದರು" ಅಂದರು.

ಅಂಚು ಅಷ್ಟು ಸವೆದದ್ದು ಯಾಕೆ ಅಂತ ಆಗ ಹೊಳೆಯಿತು. ರೂಪಾಯಿ ನೋಟನ್ನು ತುದಿಗೆ ಇಟ್ಟೆ. 8 ಆಯಿತು.

ಅವರು ಅದನ್ನು ಹರಾಜಿಗೆ ಹಾಕುವುದು ಬೇಡ ಅಂದರು. ಉದ್ದನೆಯ ಒಂದೇ ಪಾಲಿಯೆಸ್ಟರ್ ಕವರಿನಲ್ಲಿ 8 ನೋಟುಗಳನ್ನು ಸಾಲಾಗಿ ಇಟ್ಟು, ಉಳಿದ 3ನ್ನು ಬೇರೆ ಕವರಿನಲ್ಲಿ ಹಾಕಿ, ಯಾವುದು ಖಚಿತ ಯಾವುದು ಅಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ವಾಪಸ್ ಕಳಿಸಿದೆ. ಹಾಳೆಯ ಕೆಳಗೆ ನನ್ನ ಹೆಸರು ಮತ್ತು ತಾರೀಖು ಹಾಕಿದೆ.