ಗ್ರೈಪ್ ವಾಟರಿನ ಮಗು ಮತ್ತು ಗೋಡೆಯ ಮೇಲಿನ ಲಕ್ಷ್ಮಿ

ಗ್ರೈಪ್ ವಾಟರ್ ಶೀಶೆಯ ಮೇಲೆ ಎರಡು ಕೈಗಳಲ್ಲಿ ಎರಡು ಹಾವುಗಳನ್ನು ಹಿಡಿದು ಹಿಸುಕುತ್ತಿರುವ ಮಗು ಬಾಲಕೃಷ್ಣನೆಂದು ನಮ್ಮ ಶಿರಸಿ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ನಂಬಿಕೆಯಿದೆ. ಕಾಳಿಂಗನನ್ನು ಮರ್ದಿಸಿದವನಿಗೆ ತೊಟ್ಟಿಲಿನ ಹಾವುಗಳು ಯಾವ ಲೆಕ್ಕ ಎಂದುಕೊಂಡವರನ್ನು ಆಕ್ಷೇಪಿಸಲಾಗದು. ಆದರೆ ಆ ಮಗು ಗ್ರೀಕರ ಹರ್ಕ್ಯುಲಿಸ್. ಅವನ ಹುಟ್ಟನ್ನು ಸಹಿಸದ ಹೇರಾ ದೇವಿ ತೊಟ್ಟಿಲಿಗೆ ಹಾವುಗಳನ್ನು ಕಳಿಸಿದಾಗ ಕೂಸು ಅವುಗಳ ಕತ್ತು ಹಿಸುಕಿ ಕೊಂದಿತೆಂಬ ಕಥೆಯನ್ನು ಇಂಗ್ಲೆಂಡಿನ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರೀನಳಿಗಾಗಿ ಚಿತ್ರಿಸಿ, 1788ರಲ್ಲಿ ಮುಗಿಸಿದ್ದನು. ಆ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಅದರ ನೆರಳು ನಮ್ಮ ಔಷಧಿ ಅಂಗಡಿಗಳ ಕಪಾಟಿನಲ್ಲಿದೆ.

ಈ ಮದ್ದಿನ ಹುಟ್ಟು ಇನ್ನೂ ಸೋಜಿಗದ್ದು. ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಇದನ್ನು 1851ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ತಯಾರಿಸಿದನು. ಪೂರ್ವ ಇಂಗ್ಲೆಂಡಿನ ಜೌಗು ಸೀಮೆಯ ಮಕ್ಕಳಿಗೆ ಬರುತ್ತಿದ್ದ ಚಳಿಜ್ವರಕ್ಕೆ, ಅಂದರೆ ಮಲೇರಿಯಕ್ಕೆ, ಅಲ್ಲಿನ ವೈದ್ಯರು ಕೊಡುತ್ತಿದ್ದ ಔಷಧಿಯು ಕೂಸುಗಳ ಹೊಟ್ಟೆನೋವನ್ನೂ ತಗ್ಗಿಸುವುದನ್ನು ಗಮನಿಸಿ, ಅದರ ಮಾದರಿಯಲ್ಲೇ ಅವನು ತನ್ನದನ್ನು ರೂಪಿಸಿದನು. ಮೂಲ ಪಾಕದಲ್ಲಿ ಸಬ್ಬಸಿಗೆ ಬೀಜದ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು ಮತ್ತು ಶೇಕಡಾ 3.6ರಷ್ಟು ಮದ್ಯಸಾರವಿದ್ದವು. ಸಬ್ಬಸಿಗೆಯ ಗುಣವನ್ನು ನಮ್ಮ ಬಾಣಂತಿಯರಿಗೆ ಇಂಗ್ಲೆಂಡಿನವರು ಬಂದು ಹೇಳಬೇಕಾಗಿರಲಿಲ್ಲ. ಮಡಿಯ ಮನೆಗಳಲ್ಲಿ ಈರುಳ್ಳಿಗೂ ಪ್ರವೇಶವಿಲ್ಲದ ಕಾಲದಲ್ಲಿ ಮದ್ಯಸಾರ ಬೆರೆತ ಪಾಕ ತೊಟ್ಟಿಲ ಬದಿಗೆ ಬಂದು ಕುಳಿತಿತ್ತೆಂಬುದು ಮಾತ್ರ ನನಗೆ ಬಹಳ ರುಚಿಸುವ ಸಂಗತಿ. ಈಗ ಮಾರುವ ಗ್ರೈಪ್ ವಾಟರಿನಲ್ಲಿ ಮದ್ಯಸಾರ ಇರುವುದಿಲ್ಲ ಎಂಬುದನ್ನು ಎಳೆಯ ತಾಯಂದಿರ ಸಮಾಧಾನಕ್ಕಾಗಿ ಸೇರಿಸುತ್ತೇನೆ.

ಮಲೇರಿಯದ ಹೆಸರು ಬಂದದ್ದರಿಂದ ಒಂದು ಮಾತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಒಂದು ಕಾಲದಲ್ಲಿ ಚಳಿಜ್ವರಕ್ಕೆ ಎಷ್ಟು ಕುಪ್ರಸಿದ್ಧವಾಗಿದ್ದವೆಂದರೆ, 1940ರ ದಶಕದ ನಡುವೆ ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಅವರು ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮವನ್ನು ಕೈಗೊಂಡದ್ದು ನಮ್ಮ ಕೆನರಾ, ಅಂದರೆ ಉತ್ತರ ಕನ್ನಡ, ಮತ್ತು ಪಕ್ಕದ ಧಾರವಾಡ ಜಿಲ್ಲೆಗಳಲ್ಲಿ. ಸಿಂಪಡಿಸುವವರು ಬಂದಾಗ ಆ ಗೋಡೆಗಳಿಂದ ಕೆಳಗಿಳಿಸಬೇಕಾಗಿದ್ದ ವಸ್ತುಗಳಲ್ಲಿ ಮುಖ್ಯವಾದವು ಕಟ್ಟು ಹಾಕಿದ ದೇವರ ಪಟಗಳು ಮತ್ತು ಕ್ಯಾಲೆಂಡರುಗಳು. ನಾನು ಹೇಳಹೊರಟಿರುವುದು ಅವುಗಳ ವಿಷಯವನ್ನೇ.

ವುಡ್‌ವರ್ಡ್ ಕಂಪನಿಗೆ ಹರ್ಕ್ಯುಲಿಸನೊಬ್ಬನಿಂದ ಈ ದೇಶದಲ್ಲಿ ವ್ಯಾಪಾರ ಸಾಗದೆಂದು ಬೇಗನೆ ತಿಳಿದಿರಬೇಕು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ಕೊಲ್ಲಾಪುರದ ಎಂ. ವಿ. ಧುರಂಧರ್ ಅವರ ಬಾಲಕೃಷ್ಣನ ಚಿತ್ರವನ್ನು ಅದು ತನ್ನ ಕ್ಯಾಲೆಂಡರಿಗೆ ಬಳಸಿಕೊಂಡಿತು. ಹೀಗಾಗಿ ಶೀಶೆಯ ಮೇಲೆ ಗ್ರೀಕ್ ಕೂಸು, ಗೋಡೆಯ ಮೇಲೆ ಗೋಕುಲದ ಕೂಸು, ಎರಡರ ಕೆಳಗೂ ಒಂದೇ ಕಂಪನಿಯ ಹೆಸರು. ಶೀಶೆಯ ಮಗುವನ್ನು ಜನ ಕೃಷ್ಣನೆಂದು ತಿಳಿದದ್ದರಲ್ಲಿ ಕಂಪನಿಯ ಕೈವಾಡವೂ ಸ್ವಲ್ಪ ಇದೆಯೆಂದು ನನ್ನ ಅನುಮಾನ.

ದೇವರ ಚಿತ್ರಗಳು ಹೀಗೆ ವ್ಯಾಪಾರದ ಬೆನ್ನೇರಿ ಮನೆಯೊಳಗೆ ಬಂದ ದಾರಿಯನ್ನು ಹಿಡಿದು ಹೋದರೆ ರಾಜಾ ರವಿವರ್ಮನ ಮುದ್ರಣಾಲಯವನ್ನು ತಲುಪುತ್ತೇವೆ. ಅವನ ಚಿತ್ರಗಳಿಗೆ ಎಷ್ಟು ಬೇಡಿಕೆಯಿತ್ತೆಂದರೆ, ಅವುಗಳನ್ನು ಯುರೋಪಿಗೆ ಕಳಿಸಿ ಬಣ್ಣದಲ್ಲಿ ಅಚ್ಚು ಹಾಕಿಸಬೇಕೆಂದು ಹಿಂದೆ ತಿರುವಾಂಕೂರಿನ ದಿವಾನರಾಗಿದ್ದ ಸರ್ ಟಿ. ಮಾಧವರಾಯರು 1884ರಲ್ಲೇ ಅವನಿಗೆ ಪತ್ರ ಬರೆದಿದ್ದರು. ರವಿವರ್ಮ ಹತ್ತು ವರ್ಷ ತಡೆದು, 1894ರಲ್ಲಿ ಜರ್ಮನಿಯಿಂದ ಯಂತ್ರಗಳನ್ನೂ ಕುಶಲಕರ್ಮಿಗಳನ್ನೂ ತರಿಸಿ ಮುಂಬಯಿಯಲ್ಲೇ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದನು. ಒಂದೊಂದು ಬಣ್ಣಕ್ಕೂ ಬೇರೆಯೇ ಕಲ್ಲು. ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಜಾರುತ್ತಿತ್ತು. ಅಲ್ಲಿಂದ ಹೊರಬಂದ ಮೊದಲ ಚಿತ್ರ ಶಕುಂತಲೆಯ ಜನನ. ಪ್ಲೇಗಿನ ಹಾವಳಿಯ ನಂತರ ಮುದ್ರಣಾಲಯ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು; ಲಾಭ ಕಾಣದೆ 1903ರಲ್ಲಿ ಅಲ್ಲಿಯ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನಿಗೆ ಮಾರಾಟವಾಯಿತು. ಕಮಲದ ಮೇಲೆ ನಿಂತು ಆನೆಯೊಡನೆ ಕಾಣುವ ಲಕ್ಷ್ಮಿ, ವೀಣೆ ಹಿಡಿದು ಕಲ್ಲಿನ ಮೇಲೆ ಕುಳಿತ ಸರಸ್ವತಿ ಅಜ್ಜನ ಅಜ್ಜನ ಕಾಲದಿಂದಲೂ ಹೀಗೇ ಇದ್ದರೆಂದು ನಾವು ತಿಳಿದಿರುವ ಆ ರೂಪಗಳು ಊರೂರಿಗೆ ಹಬ್ಬಿದ್ದು ಒಬ್ಬ ಜರ್ಮನ್ನನ ಒಡೆತನದ ಕಾಲದಲ್ಲಿ. ಅದನ್ನು ಕೇಳಿ ಬೇಸರಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ನನಗೆ ಬೇಸರವಾಗಿಲ್ಲ, ಏಕೆಂದರೆ ಅದಕ್ಕೂ ಮೊದಲು ನಮ್ಮ ಕಡೆಯ ಬಡವರ ಮನೆಯಲ್ಲಿ ಪೂಜೆಗೆ ಬಣ್ಣದ ಲಕ್ಷ್ಮಿಯೆಂಬುದು ಸಿಗುವ ವಸ್ತುವಾಗಿರಲಿಲ್ಲ. ಗುಡಿಯ ಹೊಸ್ತಿಲನ್ನು ದಾಟಲು ಅವಕಾಶವೇ ಇಲ್ಲದಿದ್ದವರ ಗೋಡೆಗೂ ಕಾಗದದ ದೇವಿ ಬಂದಳು.

ಈ ಮುದ್ರಣಾಲಯದ ಇನ್ನೊಂದು ಕೊಂಡಿ ಸಿನೆಮಾಕ್ಕೆ ಹೋಗುತ್ತದೆ. ಕೆಲಕಾಲ ಅಲ್ಲಿ ಅಚ್ಚಿನ ಕೆಲಸ ಮಾಡಿದ್ದವರು ದಾದಾಸಾಹೇಬ ಫಾಲ್ಕೆ. 1913ರ ಮೇ 3ರಂದು ತೆರೆಕಂಡ ಅವರ ‘ರಾಜಾ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯಾದದ್ದು ಹೋಟೆಲಿನಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ; 1917ರ ‘ಲಂಕಾದಹನ’ದಲ್ಲಿ ಅದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ರಾತ್ರಿಯಿಡೀ ಯಕ್ಷಗಾನದಲ್ಲಿ ಗಂಡಸರ ಸ್ತ್ರೀವೇಷವನ್ನು ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ತಾರಾಮತಿಯ ವಿಷಯದಲ್ಲಿ ವಿಶೇಷವೇನೂ ಕಾಣದು, ಆದರೆ ರಾಮನೂ ಸೀತೆಯೂ ಒಬ್ಬನೇ ಆಗುವುದು ರಂಗದ ಮೇಲೆ ಎಷ್ಟೇ ಚತುರ ವೇಷಧಾರಿಗೂ ಅಸಾಧ್ಯ. ಫಾಲ್ಕೆಯವರ ಚಿತ್ರದಲ್ಲಿ ಹೆಂಗಸರೇ ಹೆಣ್ಣುಪಾತ್ರ ಮಾಡಿದ್ದು 1913ರ ‘ಮೋಹಿನಿ ಭಸ್ಮಾಸುರ’ದಲ್ಲಿ: ತಾಯಿ ದುರ್ಗಾಬಾಯಿ ಕಾಮತ್ ಪಾರ್ವತಿ, ಮಗಳು ಕಮಲಾಬಾಯಿ ಮೋಹಿನಿ. ಯಕ್ಷಗಾನದಲ್ಲಿ ಸ್ತ್ರೀವೇಷದವರ ಕಸುವನ್ನು ಅಳೆಯುವ ಪ್ರಸಂಗಗಳಲ್ಲಿ ಭಸ್ಮಾಸುರ ಮೋಹಿನಿಯೂ ಒಂದಾಗಿರುವುದರಿಂದ ಈ ಸಂಗತಿ ನನ್ನ ಮನಸ್ಸಿನಲ್ಲಿ ಅಂಟಿಕೊಂಡಿದೆ.

ಈ ದೇವರ ಚಿತ್ರಗಳೆಲ್ಲ ನಮ್ಮಲ್ಲಿಗೆ ಬೇಗ ಬಂದದ್ದಕ್ಕೆ ಭೂಗೋಳವೇ ಕಾರಣ. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೂ ನಮ್ಮ ರಾಜಧಾನಿ ಮುಂಬಯಿಯೇ. ಆಗಬೋಟುಗಳು ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಕಾರವಾರಕ್ಕೂ ಹೊನ್ನಾವರಕ್ಕೂ ಬರುತ್ತಿದ್ದವು, ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಅಡಿಕೆ, ಕಾಳುಮೆಣಸು ಹೊರಗೆ ಹೋದ ದಾರಿಯಲ್ಲೇ ಅರಿವೆ, ಸಾಬೂನು, ಬೆಂಕಿಪೊಟ್ಟಣ ಒಳಗೆ ಬಂದವು, ಅವುಗಳ ಮೈಮೇಲೆ ಚಿತ್ರಗಳೂ ಬಂದವು. ಮ್ಯಾಂಚೆಸ್ಟರಿನ ಗಿರಣಿಗಳು ಬಟ್ಟೆಯ ಥಾನಿಗೆ ಹಚ್ಚುತ್ತಿದ್ದ ಬಣ್ಣದ ಚೀಟಿಗಳಲ್ಲಿ ಹಿಂದೂ ದೇವತೆಗಳಿರುತ್ತಿದ್ದರು. ಸ್ವೀಡನ್, ಆಸ್ಟ್ರಿಯ ಮತ್ತು ಜಪಾನುಗಳಿಂದ ಬರುತ್ತಿದ್ದ ಬೆಂಕಿಪೊಟ್ಟಣಗಳ ಮೇಲೂ ಅವರೇ. ಈ ದೇಶವನ್ನು ಕಣ್ಣಿನಿಂದಲೂ ನೋಡದ ಕೆಲಸಗಾರರು ಸರಸ್ವತಿಯ ವೀಣೆಯ ತಂತಿಗಳನ್ನು ಎಣಿಸಿ ಬರೆಯುತ್ತಿದ್ದರು.

ಮನೆಗಳವರು ಇದನ್ನು ಹೇಗೆ ಸ್ವೀಕರಿಸಿದರೆಂಬುದು ಕಂಪನಿಗಳ ಕಥೆಗಿಂತ ಹೆಚ್ಚು ಸ್ವಾರಸ್ಯವಾಗಿದೆ. ನಮ್ಮ ಅಜ್ಜನ ಮನೆಯ ಜಗುಲಿಯಲ್ಲಿದ್ದ ಲಕ್ಷ್ಮಿಯ ಪಟದಲ್ಲಿ ಸೀರೆಯ ಭಾಗಕ್ಕೆ ನಿಜವಾದ ಜರಿಬಟ್ಟೆಯನ್ನು ಕತ್ತರಿಸಿ ಅಂಟಿಸಿ, ಒಡವೆಗಳಿದ್ದಲ್ಲೆಲ್ಲ ಮಿನುಗುಬಿಲ್ಲೆಗಳನ್ನು ಹೊಲಿದಿದ್ದರು. ಇದು ನಮ್ಮ ಮನೆಯದೊಂದೇ ಜಾಣ್ಮೆಯಲ್ಲ, ದೇಶದ ಅನೇಕ ಕಡೆ ಹೆಂಗಸರು ಈ ಅಚ್ಚುಚಿತ್ರಗಳನ್ನು ಹೀಗೆ ಸಿಂಗರಿಸಿದ್ದಾರೆ. ಪಟದ ಕೆಳಗಿನ ಅಂಚನ್ನು ಕತ್ತರಿಯಿಂದ ಓರಣವಾಗಿ ತೆಗೆದದ್ದು ಕಾಣುತ್ತಿತ್ತು. ಸಾಬೂನಿನವರೂ ಶಿಶು ಆಹಾರದವರೂ ಕ್ಯಾಲೆಂಡರಿನಲ್ಲಿ ತಮ್ಮ ಹೆಸರು ಅಚ್ಚು ಹಾಕಿಸುತ್ತಿದ್ದುದು ಸಾಮಾನ್ಯವಾಗಿ ಆ ಅಂಚಿನಲ್ಲೇ. ತಾರೀಖುಗಳು ವರ್ಷಕ್ಕೆ ಮುಗಿದವು, ಹೆಸರು ಕತ್ತರಿಗೆ ಹೋಯಿತು, ದೇವರು ಗಾಜಿನೊಳಗೆ ಉಳಿದರು. ಜಾಹೀರಾತು ಜನರನ್ನು ಮರುಳು ಮಾಡಿತೆಂದು ಬರೆಯುವ ಪಂಡಿತರು ಆ ಕತ್ತರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ವನಸ್ಪತಿಯನ್ನೇ ನೋಡಿ: ಡಬ್ಬಿಯಾಕಾರದ ವಾಹನವನ್ನು ಬೀದಿಗಳಲ್ಲಿ ಓಡಿಸಿ ಅದರ ಪ್ರಚಾರ ಮಾಡಲಾಗಿತ್ತು. ತುಪ್ಪದ ಅಭಿಮಾನವಿದ್ದ ನಮ್ಮ ಕಡೆಯ ಮನೆಗಳಲ್ಲಿ ಒಳಗಿನ ವಸ್ತುವಿಗೆ ಮೂಗು ಮುರಿದವರೂ ಹಳದಿ ಡಬ್ಬಿಯನ್ನು ಬಿಡಲಿಲ್ಲ. ತಳಕ್ಕೆ ತೂತು ಹೊಡೆದು ಅದರಲ್ಲಿ ತುಳಸಿ ನೆಟ್ಟರು.

ಈಗ ಕಂಪನಿಗಳ ಪುಕ್ಕಟೆ ಕ್ಯಾಲೆಂಡರು ಕಡಿಮೆಯಾಗಿದೆ. ಬ್ಯಾಂಕಿನವರು, ಸೊಸಾಯಟಿಯವರು ಕೊಡುವುದರಲ್ಲಿ ದೇವರಿಗಿಂತ ಅಧ್ಯಕ್ಷರ ಭಾವಚಿತ್ರ ದೊಡ್ಡದಾಗಿರುತ್ತದೆ. ಕಾರವಾರ, ಅಂಕೋಲೆಗಳ ಮನೆಗಳಲ್ಲಿ ಬಹುಕಾಲದಿಂದ ತೂಗುತ್ತಿರುವ ಕಾಲನಿರ್ಣಯ ಎಂಬ ಕ್ಯಾಲೆಂಡರಿನ ರೀತಿ ಬೇರೆ. ನಮ್ಮ ಕರಾವಳಿಯ ಬಡಗಣ ತುದಿಯಿಂದ ಗೋವೆಯನ್ನು ದಾಟಿದರೆ ಸಿಗುವ ಮಾಲವಣದಲ್ಲಿ ಹುಟ್ಟಿದ ಜಯಂತ ಸಾಳಗಾಂವಕರ್ ಅವರು 1973ರಲ್ಲಿ ಅದನ್ನು ಆರಂಭಿಸಿದಾಗ, ಪಂಚಾಂಗವನ್ನೂ ಇಂಗ್ಲಿಷ್ ತಾರೀಖನ್ನೂ ಒಂದೇ ಚೌಕದಲ್ಲಿ ಕೂಡಿಸಿ, ಹಾಳೆಯ ಬೆನ್ನಿಗೆ ಅಡಿಗೆ, ಆರೋಗ್ಯ, ಭವಿಷ್ಯಗಳ ಬರಹವನ್ನು ಹಾಕಿದರು. ದೇವರ ದೊಡ್ಡ ಚಿತ್ರ ಅದರಲ್ಲಿಲ್ಲ, ಜಾಹೀರಾತುಗಳು ಮಾತ್ರ ಧಾರಾಳವಾಗಿವೆ. ಸಂಕಷ್ಟಿಯ ಚಂದ್ರೋದಯದ ಸಮಯ ಬೇಕಾದ್ದರಿಂದ ಯಾರೂ ಅದರ ಅಂಚಿಗೆ ಕತ್ತರಿ ಹಾಕುವುದಿಲ್ಲ. ಡಿಸೆಂಬರ್ ಬಂತೆಂದರೆ ಹಿಂದೆ ಕಿರಾಣಿ ಅಂಗಡಿಯಲ್ಲಿ ಗಿರಾಕಿಗೆ ಸುತ್ತಿ ಕೊಡುತ್ತಿದ್ದ ಅದೇ ಬಗೆಯ ಕಾಗದವನ್ನು ಈಗ ನಾವೇ ದುಡ್ಡು ಕೊಟ್ಟು ತಂದು ಮೊಳೆಗೆ ಸಿಕ್ಕಿಸುತ್ತೇವೆ.