‘ಮೇಲೆ ನೋಡಿ’ ಅಂದಾಗ ಮೇಲೇನೂ ಇರಲಿಲ್ಲ

ಮೂಡಿಗೆರೆ ಕಡೆಯ ಕಾಲೇಜು ಹುಡುಗಿಯೊಬ್ಬಳು ನಮ್ಮ ಮ್ಯಾಪಿಂಗ್ ಗುಂಪಿಗೆ ಸೇರಿದ ದಿನವೇ ಒಂದು ಪ್ರಶ್ನೆ ಹಾಕಿದಳು: ‘ಸರ್, ಕಾಫಿ ತೋಟಾನ ಕಾಡು ಅಂತ ಹಾಕ್ಬೇಕಾ, ತೋಟ ಅಂತಾನಾ? ಸ್ಯಾಟಲೈಟ್ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣ್ತಿದೆ.’ ಹಳಬರೊಬ್ಬರು ಕೂಡಲೇ ಉತ್ತರ ಕೊಟ್ಟರು: ‘ಇದು ಹಿಂದೆಯೇ ಚರ್ಚೆ ಆಗಿದೆಯಮ್ಮ, ಮೇಲೆ ನೋಡಿ.’ ಅವಳು ನೋಡಿದಳು. ಟೆಲಿಗ್ರಾಂ ಗುಂಪಿನಲ್ಲಿ ಹಳೆಯ ಮಾತುಕತೆ ಹೊಸಬರಿಗೆ ಕಾಣಬೇಕೋ ಬೇಡವೋ ಎಂಬುದಕ್ಕೆ ಒಂದು ಸೆಟ್ಟಿಂಗ್ ಇದೆ. ನಮ್ಮ ಗುಂಪಿನಲ್ಲಿ ಅದು ಕಾಣದ ಹಾಗೆಯೇ ಉಳಿದುಬಿಟ್ಟಿತ್ತು. ಅವಳ ಫೋನಿನಲ್ಲಿ ಆ ಪ್ರಶ್ನೆಯ ಮೇಲೆ ಇದ್ದದ್ದು ಅವಳು ಗುಂಪಿಗೆ ಸೇರಿದ ಸೂಚನೆ ಮಾತ್ರ.

ನಾವು ಕೆಲಸ ಮಾಡುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ ನಕ್ಷೆ ಅದು. ಯಾರು ಬೇಕಾದರೂ ತಿದ್ದಬಹುದು, ಪರವಾನಗಿಯ ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದು. ನಮ್ಮದು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯವರು ಸೇರಿಕೊಂಡ ಸಣ್ಣ ಗುಂಪು. ಹಳ್ಳಿಯ ಹೆಸರು ಕನ್ನಡದಲ್ಲಿ ಸೇರಿಸುವುದು, ಬಿಟ್ಟುಹೋದ ರಸ್ತೆ ಎಳೆಯುವುದು, ಆರೋಗ್ಯ ಕೇಂದ್ರ, ಶಾಲೆ, ಕೆರೆ ಗುರುತಿಸುವುದು ನಮ್ಮ ಕೆಲಸ.

ಆ ಹುಡುಗಿಯ ಪ್ರಶ್ನೆ ಚಿಕ್ಕದಲ್ಲ. ಮಲೆನಾಡಿನ ಕಾಫಿ ನೆರಳಿನಲ್ಲಿ ಬೆಳೆಯುವ ಬೆಳೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕಾಫಿ ಗಿಡ ಇರುವುದು ಇವೆಲ್ಲದರ ಅಡಿಯಲ್ಲಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಬರೀ ಮರದ ತಲೆಗಳು. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಶೇ 70ರಷ್ಟು ಕರ್ನಾಟಕದ್ದು, ಅದರಲ್ಲಿ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ದೂರದಲ್ಲೆಲ್ಲೋ ಕೂತ ಸ್ವಯಂಸೇವಕರು ಇಷ್ಟೂ ಜಾಗಕ್ಕೆ ಕಾಡಿನ ಟ್ಯಾಗ್ (ನಕ್ಷೆಯಲ್ಲಿ ಇದು ಏನು ಎಂದು ಹೇಳುವ ಗುರುತು) ಹಾಕಿದರೆ, ನಕ್ಷೆ ನೋಡಿ ಕಾಡಿನ ಲೆಕ್ಕ ತೆಗೆಯುವವರಿಗೆ ಇಲ್ಲದ ಕಾಡು ಸಿಗುತ್ತದೆ. ಇದ್ದ ಕಾಡು ಕಡಿದು ತೋಟವಾಗಿದ್ದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದನ್ನೆಲ್ಲ ನಾವು ಚಾಟ್‌ನಲ್ಲಿ ವಾದ ಮಾಡಿ ಮುಗಿಸಿದ್ದೆವು. ಒಳ್ಳೆಯ ವಾದ ಅದು. ಆದರೆ ಅದು ಸಿಗುತ್ತಿದ್ದದ್ದು ಆಗ ಗುಂಪಿನಲ್ಲಿ ಇದ್ದವರಿಗಷ್ಟೇ. ಹಾಗಾಗಿ ಒಂದು ಭಾನುವಾರ ಚಿಕ್ಕಮಗಳೂರಿನ ಬಸವನಹಳ್ಳಿ ಕೆರೆ ಹತ್ತಿರ ಇರುವ ನಮ್ಮ ಮನೆಗೆ ಬರಲು ಆದವರನ್ನೆಲ್ಲ ಕರೆದೆ. ಹಳೆಯ ಮಾತುಕತೆ ಹೊರತೆಗೆದು, ಹೊಸಬರು ಓದುವ ಹಾಗೆ ಮಾಡುವುದು ಅಂದಿನ ಕೆಲಸ. ಆ ಹುಡುಗಿಯೂ ಅಣ್ಣನ ಜೊತೆ ಬಸ್ಸಿನಲ್ಲಿ ಬಂದಳು. ಅವಳು ಬರಲೇಬೇಕು ಅಂತ ನಾನೇ ಒತ್ತಾಯ ಮಾಡಿದ್ದೆ. ಹೊಸಬರಿಗೆ ಏನು ಅರ್ಥವಾಗುವುದಿಲ್ಲ ಎಂಬುದನ್ನು ಹಳಬರು ಕೂತು ಊಹಿಸುವುದರಲ್ಲಿ ನನಗೆ ನಂಬಿಕೆ ಇಲ್ಲ.

ಚಾಟ್ ಹೊರತೆಗೆಯುವುದು ಸುಲಭ. ಟೆಲಿಗ್ರಾಂನ ಕಂಪ್ಯೂಟರ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದೆ, ಎಚ್‌ಟಿಎಂಎಲ್ ಆಗಿಯೋ (ಬ್ರೌಸರ್‌ನಲ್ಲಿ ಓದುವ ಪುಟ) ಜೇಸನ್ ಆಗಿಯೋ (ಪ್ರೋಗ್ರಾಂ ಓದುವ ಪಟ್ಟಿ) ಇಳಿಸಿಕೊಳ್ಳಬಹುದು. ಜೇಸನ್‌ನಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ, ಯಾವುದಕ್ಕೆ ಉತ್ತರ ಕೊಟ್ಟದ್ದು ಎಂಬ ಸಂಖ್ಯೆಯೂ ಜೊತೆಗೆ. ‘ರಿಪ್ಲೈ’ ಒತ್ತಿ ಉತ್ತರಿಸಿದ್ದರೆ ಪ್ರಶ್ನೆಯಿಂದ ತೀರ್ಮಾನದವರೆಗೆ ಎಳೆ ಹಿಡಿದು ಹೋಗಬಹುದು. ಸುಮ್ಮನೆ ಕೆಳಗೆ ಬರೆದು ಬಿಟ್ಟಿದ್ದರೆ ಸಮಯ ನೋಡಿ, ಬರೆದವರನ್ನೇ ಕೇಳಿ ಹೊಂದಿಸಬೇಕು. ಊಟದ ಹೊತ್ತಿನವರೆಗೆ ನಡೆದದ್ದು ಬಹುಪಾಲು ಇದೇ. ‘ಹೌದು, ಅದೇ ಸರಿ’ ಎಂಬ ಒಂದು ಸಂದೇಶ ಯಾವುದಕ್ಕೆ ಹೌದು ಎಂದು ಅದನ್ನು ಬರೆದ ಮೇಷ್ಟರಿಗೂ ನೆನಪಿರಲಿಲ್ಲ. ಅದನ್ನು ಬಿಟ್ಟೆವು.

ತುಂಬ ಹೊತ್ತು ಹಿಡಿದದ್ದು ಧ್ವನಿ ಸಂದೇಶಗಳು. ನಮ್ಮ ಗುಂಪಿನಲ್ಲಿ ನಿವೃತ್ತ ಸರ್ವೆಯರ್ ಒಬ್ಬರಿದ್ದಾರೆ. ಆಲ್ದೂರು, ಬಾಳೆಹೊನ್ನೂರು ಸುತ್ತ ಚೈನ್ ಹಿಡಿದು ನಡೆದವರು. ಅವರು ಟೈಪ್ ಮಾಡುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಹೀಗಾಗಿ ಗುಂಪಿನ ಅತಿ ಬೆಲೆಬಾಳುವ ಉತ್ತರಗಳೆಲ್ಲ ಹುಡುಕಿದರೂ ಸಿಗದ ಆಡಿಯೋ ಫೈಲುಗಳಾಗಿ ಬಿದ್ದಿದ್ದವು. ಹುಡುಗಿ ಇಯರ್‌ಫೋನ್ ಹಾಕಿಕೊಂಡು ಕೇಳಿ ಬರೆಯುತ್ತ ಹೋದಳು. ಸಂಶಯ ಬಂದಾಗ ಪಕ್ಕದಲ್ಲೇ ಕೂತಿದ್ದ ಅವರನ್ನು ‘ಅಂಕಲ್, ಇಲ್ಲೇನಂದ್ರಿ?’ ಎಂದು ಕೇಳಿ ಸರಿಮಾಡಿಕೊಂಡಳು. ಅವಳು ಇಳಿಸಿದ ಒಂದು ಸಂದೇಶ ಹೀಗಿದೆ:

‘ನೋಡಿ, ಕಾಡಿಗೆ ಸಾಲು ಇರಲ್ಲ. ತೋಟದಲ್ಲಿ ಸಿಲ್ವರ್ ಓಕ್ ಸಾಲಲ್ಲೇ ಇರ್ತವೆ, ಬೇಲಿ ಉದ್ದಕ್ಕೂ ಗೆರೆ ಕೊರೆದಂಗೆ ಕಾಣ್ತದೆ. ಅದೂ ಗೊತ್ತಾಗ್ಲಿಲ್ಲ ಅಂದ್ರೆ ಕಣ ಹುಡುಕಿ. ಕಾಫಿ ಒಣಗಿಸೋ ಕಣ ಚೌಕಕ್ಕೆ ಬೆಳ್ಳಗೆ ಹೊಡೀತದೆ. ಪಕ್ಕದಲ್ಲಿ ಉದ್ದಕ್ಕೆ ಲೈನ್ ಮನೆ ಇದ್ರೆ ಮುಗೀತು, ಅದು ಎಸ್ಟೇಟೇ. ಕಾಡೊಳಗೆ ಕಣ ಯಾರು ಹಾಕ್ತಾರೆ?’

ಇದನ್ನು ‘ಕಾಫಿ ತೋಟವನ್ನು ಗುರುತಿಸುವ ವಿಧಾನಗಳು’ ಎಂದು ತಿದ್ದಿ ತೀಡಿ ನಿಯಮದ ರೂಪಕ್ಕೆ ತರೋಣ ಎಂದು ಇಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಆ ಮಾತಿನಲ್ಲಿ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದಿದೆ. ಮೊದಲು ಸಾಲು, ಆಮೇಲೆ ಕಣ, ಕೊನೆಗೆ ಲೈನ್ ಮನೆ, ಅಂದರೆ ಕೂಲಿಯವರ ಸಾಲು ಮನೆ. ನಿಯಮ ಮಾಡಲು ಹೋದರೆ ಮೊದಲು ಕಳೆದುಹೋಗುವುದು ಈ ಅನುಕ್ರಮವೇ. ಸರ್ವೆಯರ್ ಒಪ್ಪಿಗೆ ಪಡೆದು ಹಾಗೆಯೇ ಇಟ್ಟೆವು, ಮೇಲೆ ತೀರ್ಮಾನ ಮಾತ್ರ ಬಿಡಿಸಿ ಬರೆದೆವು: ಲ್ಯಾಂಡ್‌ಯೂಸ್ ಆರ್ಚರ್ಡ್ (ತೋಟದ ಜಾಗ), ಅದರ ಜೊತೆ ಮರದ ಟ್ಯಾಗ್ ಕಾಫಿ ಗಿಡ. ತೋಟದ ನಡುವೆ ದೇವರಕಾಡು ಉಳಿದಿದ್ದರೆ ಅದನ್ನು ಬೇರೆಯಾಗಿ ಕಾಡು ಎಂದೇ ಹಾಕಬೇಕು. ಈ ಕೊನೆಯ ಅಂಶ ಬಂದದ್ದು ಸರ್ವೆಯರ್ ಜೊತೆ ವಾದಕ್ಕಿಳಿದ ಕೊಪ್ಪದ ಒಬ್ಬರಿಂದ. ಅವರ ತಕರಾರನ್ನೂ ಸೇರಿಸಿದ್ದೇವೆ. ಯಾರೂ ಪ್ರಶ್ನೆ ಎತ್ತದೆ ಒಪ್ಪಿಕೊಂಡರು ಅನ್ನುವ ಹಾಗೆ ಬರೆದರೆ, ನಾಳೆ ಅದೇ ತಕರಾರು ಹಿಡಿದು ಬರುವ ಹೊಸಬರಿಗೆ ತಾವು ಒಂಟಿ ಅನ್ನಿಸುತ್ತದೆ.

ಹಾಸನದಿಂದ ಬಂದಿದ್ದ ಗೆಳೆಯರು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಪಳಗಿದವರು. 1988ರಲ್ಲಿ ಫಿನ್‌ಲೆಂಡಿನಲ್ಲಿ ಹುಟ್ಟಿದ ಚಾಟ್ ವ್ಯವಸ್ಥೆ ಐಆರ್‌ಸಿಯಲ್ಲೇ ಅಲ್ಲಿನ ಯೋಜನೆಗಳ ಮಾತುಕತೆ ವರ್ಷಗಟ್ಟಲೆ ನಡೆದದ್ದು. ಅಂಥ ಯೋಜನೆಗಳಲ್ಲೊಂದಾದ ಉಬುಂಟು ತನ್ನ ಚಾನೆಲ್‌ಗಳ ಲಾಗನ್ನು, ಅಂದರೆ ಮಾತುಕತೆಯ ಪೂರ್ತಿ ದಾಖಲೆಯನ್ನು, ದಿನಾಂಕವಾರು ಎಲ್ಲರಿಗೂ ತೆರೆದಿಟ್ಟಿದೆ. ಇನ್ನೊಂದು ಯೋಜನೆ ಡೆಬಿಯನ್‌ನವರು ಮೀಟ್‌ಬಾಟ್ ಎಂಬ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಬಳಸುತ್ತಾರೆ. ಸಭೆ ನಡೆಯುವಾಗಲೇ ಯಾರಾದರೂ ಹ್ಯಾಶ್ ಗುರುತಿನ ಜೊತೆ ‘ಅಗ್ರೀಡ್’ ಎಂದೋ ‘ಆ್ಯಕ್ಷನ್’ ಎಂದೋ ಬರೆದು ಒಂದು ಸಾಲು ಹಾಕಿದರೆ, ಸಭೆ ಮುಗಿಯುವಾಗ ಆ ಸಾಲುಗಳೆಲ್ಲ ಸೇರಿ ನಡಾವಳಿ ತಯಾರಾಗಿರುತ್ತದೆ. ಇದನ್ನು ಕೇಳಿ ನಾವೂ ಒಂದು ಪದ್ಧತಿ ಮಾಡಿಕೊಂಡೆವು. ಚರ್ಚೆ ಒಂದು ಹಂತಕ್ಕೆ ಬಂದಾಗ ಯಾರಾದರೊಬ್ಬರು ‘ತೀರ್ಮಾನ’ ಎಂಬ ಪದದಿಂದ ಶುರುಮಾಡಿ ಒಂದೇ ಸಂದೇಶ ಬರೆಯಬೇಕು, ಅದರಲ್ಲಿ ಕಾರಣವೂ ಇರಬೇಕು. ಆ ಪದ ಹುಡುಕಿದರೆ ಎಲ್ಲ ತೀರ್ಮಾನಗಳೂ ಸಿಗುತ್ತವೆ.

ಇಡೀ ಲಾಗನ್ನೇ ತೆರೆದಿಟ್ಟರೆ ಸಾಲದೇ ಎಂಬ ಮಾತೂ ಬಂತು. ನನ್ನ ಪ್ರಕಾರ ಸಾಲದು. ಲಾಗ್ ಇರಲಿ, ಮೂಲ ನೋಡಬೇಕೆನ್ನುವವರಿಗೆ ಅದು ಬೇಕು. ಆದರೆ ಕೊಯ್ದು ತಂದ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್‌ಗೂ ಹಾಕದೆ, ಒಣಗಿಸದೆ, ಹುರಿಯದೆ ಮೂಟೆಯಲ್ಲೇ ಕೊಟ್ಟು ಕಾಫಿ ಕುಡಿಯಿರಿ ಎಂದ ಹಾಗಾಗುತ್ತದೆ ಅದು. ಮತ್ತೆ ಲಾಗ್ ಕೂಡ ತಾನಾಗಿ ಉಳಿಯುವುದಿಲ್ಲ. ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನ ಉಚಿತ ಬಳಕೆಯಲ್ಲಿ 2022ರಿಂದ ಕಾಣುವುದು ಹಿಂದಿನ 90 ದಿನಗಳ ಸಂದೇಶ ಮಾತ್ರ. ಅಷ್ಟರೊಳಗೆ ಯಾರೂ ಎತ್ತಿ ಬರೆಯದಿದ್ದರೆ ಆ ಯೋಜನೆಗೆ ಆ ಮಾತು ಆಡಿಯೇ ಇಲ್ಲ ಅನ್ನುವ ಸ್ಥಿತಿ.

ಏನು ಬಿಡಬೇಕು ಎಂಬುದು ಮಧ್ಯಾಹ್ನದ ಕೆಲಸ. ಫೋನ್ ನಂಬರ್, ಮನೆಯ ಲೊಕೇಶನ್, ಒಂದು ಎಸ್ಟೇಟಿನ ಗೇಟಿನ ವಿಚಾರಕ್ಕೆ ನಡೆದ ಜಗಳ ಎಲ್ಲ ತೆಗೆದೆವು. ಮಾತು ಬಳಸಿಕೊಂಡ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳಿದೆವು, ಯಾಕೆಂದರೆ ಗುಂಪಿನೊಳಗೆ ನಂಬಿ ಆಡಿದ ಮಾತು ಅದು, ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಗೆ (ಯಾರು ಬೇಕಾದರೂ ಓದಿ ತಿದ್ದಬಹುದಾದ ಅದರ ಮಾಹಿತಿ ಪುಟಗಳಿಗೆ) ಹೋದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಒಬ್ಬರು ಬೇಡ ಎಂದರು. ಅವರ ಮಾತು ತೆಗೆದು, ಆ ಚರ್ಚೆಯ ತೀರ್ಮಾನವನ್ನಷ್ಟೇ ನಮ್ಮ ಮಾತಿನಲ್ಲಿ ಬರೆದೆವು.

ಮಳೆ ಸಂದೇಶಗಳನ್ನೂ ತೆಗೆಯುತ್ತಿದ್ದೆವು. ನಮ್ಮ ಕಡೆ ಯಾವ ಗುಂಪಿನಲ್ಲೂ ಜೂನ್ ಬಂತೆಂದರೆ ‘ನಮ್ಮಲ್ಲಿ ಎರಡೂವರೆ ಇಂಚು’, ‘ನಮ್ಮಲ್ಲಿ ನಲವತ್ತು ಸೆಂಟ್ಸ್’ ಎಂದು ಮಳೆ ಲೆಕ್ಕ ಶುರುವಾಗುತ್ತದೆ (ಸೆಂಟ್ಸ್ ಅಂದರೆ ಇಂಚಿನ ನೂರರಲ್ಲೊಂದು ಭಾಗ). ಆದರೆ ಅವುಗಳ ನಡುವೆ ‘ಹಳ್ಳ ತುಂಬಿದೆ, ಮೋರಿ ಮೇಲೆ ನೀರು, ಜೀಪ್ ಮಾತ್ರ ಹೋಗ್ತದೆ’ ಎಂಬಂಥ ಸಾಲುಗಳೂ ಇದ್ದವು. ಬೇಸಿಗೆಯ ಚಿತ್ರ ನೋಡಿ ಅದನ್ನು ಒಳ್ಳೆಯ ರಸ್ತೆ ಎಂದು ಗುರುತಿಸಿದರೆ ಮಳೆಗಾಲದಲ್ಲಿ ಆಂಬುಲೆನ್ಸ್ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆ ಸಾಲುಗಳನ್ನು ದಿನಾಂಕ ಸಮೇತ ಉಳಿಸಿ, ಯಾವ ರಸ್ತೆಗೆ ಋತುಮಾನದ ಟ್ಯಾಗ್ ಬೇಕು ಎಂಬುದಕ್ಕೆ ಆಧಾರವಾಗಿ ಇಟ್ಟೆವು.

ಪದೇ ಪದೇ ಬರುವ ಮತ್ತೆರಡು ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬಹುದೇ? ಕೂಡದು, ಅದರ ಹಕ್ಕು ಅವರದು. ನಡೆದು ನೋಡಿದ್ದು, ಸ್ವಂತ ತಿಳಿವಳಿಕೆ, ಅನುಮತಿ ಇರುವ ಚಿತ್ರ, ಇಷ್ಟೇ. ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಯಾವುದು? 2014ರ ನವೆಂಬರ್ 1ರಿಂದ ಅಧಿಕೃತವಾಗಿ ಚಿಕ್ಕಮಗಳೂರು ಎಂಬುದಕ್ಕೆ ಸರಿಹೊಂದುವ ಹೊಸ ಸ್ಪೆಲ್ಲಿಂಗ್. ಹಳೆಯದನ್ನು ಅಳಿಸದೆ ಹಳೆಯ ಹೆಸರಿನ ಟ್ಯಾಗ್‌ನಲ್ಲಿ ಇಡಬೇಕು, ಹುಡುಕುವವರು ಇನ್ನೂ ಅದನ್ನೇ ಹೊಡೆಯುತ್ತಾರೆ.

ಒಂದು ವಿಷಯ ಮಾತ್ರ ಅಂದು ಬಗೆಹರಿಯಲಿಲ್ಲ. ಆನೆ ರಸ್ತೆ ದಾಟುವ ಜಾಗದಲ್ಲಿ ಇಲಾಖೆಯ ಬೋರ್ಡ್ ಇದ್ದರೆ ನಕ್ಷೆಗೆ ಹಾಕುವುದು ಸರಿ, ಅದಕ್ಕೆ ಟ್ಯಾಗ್ ಕೂಡ ಇದೆ. ಬೋರ್ಡ್ ಇಲ್ಲದ, ಊರವರಿಗೆ ಮಾತ್ರ ಗೊತ್ತಿರುವ ದಾರಿಯನ್ನು ಹಾಕಬೇಕೇ? ಹಾಕಿದರೆ ರಾತ್ರಿ ಬೈಕಿನಲ್ಲಿ ಬರುವವರಿಗೆ ಎಚ್ಚರಿಕೆ ಸಿಗುತ್ತದೆ ಎಂದು ಬೇಲೂರಿನವರು. ಹಾಕಿದರೆ ಕ್ಯಾಮೆರಾ ಹಿಡಿದವರು ಅಲ್ಲೇ ಬಂದು ಕಾಯುತ್ತಾರೆ, ಆನೆಗೂ ಕೂಲಿಗೆ ಹೋಗುವವರಿಗೂ ಅದರಿಂದ ತೊಂದರೆ ಎಂದು ಸರ್ವೆಯರ್. ಇಬ್ಬರ ಮಾತನ್ನೂ ಪೂರ್ತಿಯಾಗಿ ‘ತೀರ್ಮಾನ ಆಗಿಲ್ಲ’ ಎಂಬ ತಲೆಬರಹದಡಿ ವಿಕಿ ಪುಟದಲ್ಲಿ ಹಾಕಿದ್ದೇವೆ. ಸಕಲೇಶಪುರ, ಆಲೂರು ಕಡೆಯವರು ಓದಿ ಏನಾದರೂ ಹೇಳಿದರೆ ಅದನ್ನೂ ಅಲ್ಲೇ ಸೇರಿಸುತ್ತೇವೆ.